ಖತೀಫಿನ ಕೋರಿ ಟೀಮು

ದಮ್ಮಾಮ್

ಉಡುಪಿ ಕಡೆಯ ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟುಗಳಿಗೆ ಹೋಗುವವರಿಗೆ ನನ್ನ ಮುಖ ಗೊತ್ತಿರಲಿಕ್ಕಿಲ್ಲ, ಗಂಟಲು ಖಂಡಿತ ಗೊತ್ತಿರುತ್ತದೆ. "ದಾಂಡಿಗನ ದಾಂಡಿನಿಂದ ಸಿಡಿದು ಬಂದಿರುವಂತಹ ಚೆಂಡು ಇದೀಗ ಗೆರೆಯನ್ನು ದಾಟಿ ಸಾಗಿರುವಂತಹ..." ಎಂದು ಉಸಿರು ಬಿಡದೆ ಮೈಕಿನಲ್ಲಿ ಒದರುವ ಪ್ರಾಣಿ ನಾನೇ. ಹೆಸರು ಸದಾಶಿವ. ಕಟಪಾಡಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ, ಅದು ಹೊಟ್ಟೆಪಾಡು. ವೀಕ್ಷಕ ವಿವರಣೆ ಚಟ. ಈ ಚಟ ನನ್ನನ್ನು ಸೌದಿ ಅರೇಬಿಯಾದವರೆಗೆ, ಅದೂ ಬೇಸ್‌ಬಾಲ್ ಎಂಬ ಆಟಕ್ಕಾಗಿ, ಎಳೆದುಕೊಂಡು ಹೋದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಭಟ್ಕಳದ ಇರ್ಷಾದ್ ಭಾಯ್ ಅವರ ಫೋನು ಬಂದಾಗ ನಾನು ಒಂದು ಮಗುವಿನ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೆ. ಮಗು ಕ್ಯಾಮೆರಾ ಒಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿತ್ತು. ಇರ್ಷಾದ್ ಭಾಯ್ ಅಲ್ ಖೋಬಾರಿನ ಥುಕ್ಬಾ ಎಂಬ ಬಡಾವಣೆಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟವರು. ಮೊಬೈಲಿನಲ್ಲಿ ನಮ್ಮೂರ ಪಂದ್ಯಗಳ ನೇರಪ್ರಸಾರ ನೋಡಿ ನನ್ನ ಗಂಟಲಿನ ಅಭಿಮಾನಿಯಾದವರು. ಆವರೆಗೆ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಸದಾಶಿವಣ್ಣ, ನೀವು ಒಮ್ಮೆ ಇಲ್ಲಿಗೆ ಬರ್ಬೇಕು. ನಮ್ಮದೊಂದು ಬೇಸ್‌ಬಾಲ್ ಟೀಮ್ ಉಂಟು. ಮ್ಯಾಚ್ ನೋಡ್ಲಿಕ್ಕೆ ಜನ ಬರ್ತಾರೆ, ಆದ್ರೆ ಎಂತ ಆಗ್ತಾ ಉಂಟು ಅಂತ ಗೊತ್ತಾಗದೆ ಅರ್ಧಕ್ಕೆ ಎದ್ದು ಹೋಗ್ತಾರೆ. ಬರುವವರಲ್ಲಿ ಮುಕ್ಕಾಲು ವಾಸಿ ನಮ್ಮ ಊರಿನವರೇ. ನೀವು ಕನ್ನಡದಲ್ಲಿ ಹೇಳಿ ಕೊಡ್ಬೇಕು."

"ಆ ಆಟ ನನಗೇ ಗೊತ್ತಿಲ್ಲವಲ್ಲ ಮಾರಾಯ್ರೆ."

"ಅದಕ್ಕೆಂತ? ಇಲ್ಲಿ ಯಾರಿಗೂ ಗೊತ್ತಿಲ್ಲ. ಬನ್ನಿ."

ಇಂಥ ಆಮಂತ್ರಣಕ್ಕೆ ಇಲ್ಲವೆನ್ನುವುದು ಹೇಗೆ? ಗಂಟಲಿಗೆಂದು ಒಂದು ದೊಡ್ಡ ಪೊಟ್ಟಣ ಕಲ್ಲುಸಕ್ಕರೆ ಕಟ್ಟಿಕೊಂಡು ವಿಮಾನ ಹತ್ತಿದೆ. ದಮ್ಮಾಮಿನಲ್ಲಿ ಇಳಿದದ್ದೇ ತಡ, ಆ ಪೊಟ್ಟಣ ಕಸ್ಟಮ್ಸ್ ಅಧಿಕಾರಿಯ ಕೈಗೆ ಸಿಕ್ಕಿತು. ಆತ ಒಂದು ಹರಳನ್ನು ಬೆಳಕಿಗೆ ಹಿಡಿದು ನೋಡಿದ, ನನ್ನನ್ನು ನೋಡಿದ, ಮತ್ತೆ ಹರಳನ್ನು ನೋಡಿದ. ಗಂಟಲು ಮುಟ್ಟಿ ತೋರಿಸಿ, ಮೈಕು ಹಿಡಿದಂತೆ ಕೈ ಮಾಡಿ, ಒಂದು ಸಿಕ್ಸರಿನ ವಿವರಣೆಯನ್ನು ಅಲ್ಲೇ ಹೇಳಿ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ಮಲಯಾಳಿಗಳು ಚಪ್ಪಾಳೆ ತಟ್ಟಿದರು. ಅಧಿಕಾರಿ ಹರಳನ್ನು ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಮುಖ ಅರಳಿಸಿ "ನಬಾತ್!" ಎಂದ. ಕಲ್ಲುಸಕ್ಕರೆಗೆ ಅರಬಿಯಲ್ಲಿ ಹಾಗೆನ್ನುತ್ತಾರಂತೆ, ಅವನ ಅಜ್ಜಿಯೂ ಕೆಮ್ಮಿಗೆ ಅದನ್ನೇ ಕೊಡುತ್ತಿದ್ದಳಂತೆ. ನಾನು ಒತ್ತಾಯ ಮಾಡಿ ಅವನ ಅಂಗೈಗೆ ನಾಲ್ಕು ಹರಳು ಹಾಕಿದೆ, ಅವನು ನಗುತ್ತಾ ಚೀಲದ ಜಿಪ್ಪನ್ನು ತಾನೇ ಎಳೆದು ಕೊಟ್ಟ.

ಹೊರಗೆ ಇರ್ಷಾದ್ ಭಾಯ್ ನಿಂತಿದ್ದರು. ತೆಳ್ಳಗಿನ ಮನುಷ್ಯ, ಅಚ್ಚುಕಟ್ಟಾದ ಬಿಳಿ ಗಡ್ಡ, ತಲೆಯ ಮೇಲೆ ಬೇಸ್‌ಬಾಲ್ ಟೋಪಿ. ಟೋಪಿಯಲ್ಲಿ ಜುಟ್ಟು ಬಿಚ್ಚಿದ ಒಂದು ಹಕ್ಕಿಯ ಚಿತ್ರ.

"ಇದೆಂತ, ಕೋಳಿಯಾ?" ಎಂದು ಕೇಳಿಬಿಟ್ಟೆ.

ಅವರ ಮುಖ ಸಣ್ಣದಾಯಿತು. "ಎಲ್ಲರೂ ಅದೇ ಕೇಳುದು. ಅದು ಹುದ್‌ಹುದ್ ಅಣ್ಣ, ಚಂದ್ರಮುಕುಟ. ಚಿತ್ರ ಮಾಡಿದವನಿಗೆ ಜುಟ್ಟು ಸ್ವಲ್ಪ ಕೆಂಪು ಜಾಸ್ತಿಯಾಯ್ತು. ಈಗ ನಮ್ಮ ಮಂಗ್ಳೂರಿನವ್ರೆಲ್ಲ ಕೋರಿ ಟೀಮ್ ಅಂತಲೇ ಕರಿಯುದು."

ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಆ ಹೆಸರು ಕೇಳಿದ ಮೇಲೆ ನನಗೂ ಬೇರೆ ಹೆಸರು ಬಾಯಿಗೆ ಬರಲಿಲ್ಲ.

ಥುಕ್ಬಾ

ಥುಕ್ಬಾದ ಗಲ್ಲಿಗಳಲ್ಲಿ ನಡೆದರೆ ಮಂಗಳೂರಿನ ಬಂದರು ಪೇಟೆಯಲ್ಲಿ ಕೇಳುವಷ್ಟೇ ಭಾಷೆಗಳು ಕಿವಿಗೆ ಬೀಳುತ್ತವೆ, ಮೇಲಿಂದ ಉರ್ದು, ಬಂಗಾಳಿ, ಫಿಲಿಪೈನ್ಸಿನವರ ಮಾತು. ಒಂದು ಕಡೆ ಟೈಲರ್, ಪಕ್ಕದಲ್ಲಿ ಬಿಸಿ ರೊಟ್ಟಿಯ ಒಲೆ, ಅದರಾಚೆ ನೀರುದೋಸೆ ಸಿಗುವ ಹೋಟೆಲು. ನೀರುದೋಸೆ ಕಟಪಾಡಿಯದಕ್ಕಿಂತ ಮೆತ್ತಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಸಂಕಟವಾಗುತ್ತದೆ. ಆದರೆ ನಿಜ.

ಇರ್ಷಾದ್ ಭಾಯ್ ಅವರ ಅಂಗಡಿಯಲ್ಲಿ ಕುಳಿತು ತಂಡದ ಚರಿತ್ರೆ ಕೇಳಿದೆ. ದೊಡ್ಡ ಸಾಹಸದಿಂದ ಶುರುವಾಗಿರಬೇಕೆಂದು ನಾನು ಎಣಿಸಿದ್ದೆ. ಶುರುವಾದದ್ದು ಒಂದು ಬೈಗುಳದಿಂದ.

ಬಹಳ ಹಿಂದೆ ಅವರು ಕ್ರಿಕೆಟ್ ಸಾಮಾನಿನ ಜೊತೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಗ್ಲೌಸು ತರಿಸಿದ್ದರಂತೆ. ಬಿಚ್ಚಿ ನೋಡಿದರೆ ಎಲ್ಲವೂ ಎಡಗೈಯದು. ನಮ್ಮ ವಿಕೆಟ್ ಕೀಪರಿನ ಗ್ಲೌಸು ಜೋಡಿಯಾಗಿ ಬರುವುದಲ್ಲವೆ? ಅರ್ಧ ಮಾಲು ದಾರಿಯಲ್ಲಿ ಕಳವಾಗಿದೆ ಎಂದು ಇರ್ಷಾದ್ ಭಾಯ್ ಮಾಲು ಕಳಿಸಿದವನಿಗೆ ಫೋನು ಮಾಡಿ ಉರ್ದುವಿನಲ್ಲೂ ಅರಬಿಯಲ್ಲೂ ಬೈದರು, ಬಲಗೈಯದನ್ನು ಮರ್ಯಾದೆಯಿಂದ ಕಳಿಸು ಎಂದು ಗದರಿಸಿದರು.

"ಅವ ಆಚೆಯಿಂದ ನಗುದು ಅಣ್ಣ! ನಂಗೆ ಸಿಟ್ಟು ಜಾಸ್ತಿ. ನಗ್ಲಿಕ್ಕೆ ಎಂತ ಉಂಟು ಅಂತ ಕೇಳಿದ್ರೆ, ಭಾಯ್, ಇದು ಬೇಸ್‌ಬಾಲಿನ ಗ್ಲೌಸು, ಒಂದೇ ಕೈಗೆ ಹಾಕುದು, ಇನ್ನೊಂದು ಕೈ ಎಸಿಲಿಕ್ಕೆ ಅಂತ ಹೇಳಿದ."

ವಾಪಸು ಕಳಿಸಲು ಮನಸ್ಸಿಲ್ಲದೆ ಶುಕ್ರವಾರದ ರಜೆಯಲ್ಲಿ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಅವನ್ನು ಹಂಚಿದರು. ಫಿಲಿಪೈನ್ಸಿನ ರೊಮೆಲ್ ಎಂಬ ಎಲೆಕ್ಟ್ರಿಷಿಯನ್ ಅದನ್ನು ಕಂಡು, ತನ್ನ ಊರಿನಲ್ಲಿ ಈ ಆಟ ಆಡಿ ಬೆಳೆದವನು ತಾನು ಎಂದು ಓಡಿ ಬಂದ. ಅವನೇ ಈಗ ತಂಡದ ಕೋಚ್. ಎಣ್ಣೆ ಕಂಪನಿಯ ಕಾಂಪೌಂಡಿನ ಅಮೆರಿಕನ್ನರು ಊರಿಗೆ ಹೊರಡುವಾಗ ಹಳೆಯ ಬ್ಯಾಟು, ಕ್ಯಾಚರಿನ ಮುಖವಾಡ ಕೊಟ್ಟು ಹೋದರು. ಹತ್ತಿರದ ಖತೀಫ್ ಊರಿನ ಹುಡುಗರು ಸೇರಿಕೊಂಡರು. ಅವರಲ್ಲೊಬ್ಬನ ತಂದೆ ಅಬು ಹಾಶಿಮ್ ಎಂಬವರು ತಮ್ಮ ಖರ್ಜೂರದ ತೋಟದ ಪಕ್ಕದ ಬಯಲನ್ನೇ ಆಟಕ್ಕೆ ಬಿಟ್ಟುಕೊಟ್ಟರು. ಹೀಗೆ ವರ್ಷಗಟ್ಟಲೆ ಶುಕ್ರವಾರದ ಆಟವಾಗಿಯೇ ನಡೆಯಿತು.

ಅಷ್ಟರಲ್ಲಿ ಕೊಲ್ಲಿ ದೇಶಗಳಲ್ಲಿ ಸಂಬಳ ಕೊಟ್ಟು ಆಡಿಸುವ ಒಂದು ಬೇಸ್‌ಬಾಲ್ ಲೀಗು ಹುಟ್ಟಿಕೊಂಡಿತ್ತು. ಅದರಲ್ಲಿ ನಾಲ್ಕು ತಂಡ. ಲೀಗನ್ನು ಬೆಳೆಸಬೇಕು, ಇನ್ನೊಂದು ತಂಡ ಸೇರಿಸಬೇಕು ಎಂದಾಗ ದೊಡ್ಡ ದೊಡ್ಡ ಊರಿನವರೆಲ್ಲ ಕೈಯೆತ್ತಿದರು. ಅಬು ಹಾಶಿಮ್ ಮತ್ತು ಇರ್ಷಾದ್ ಭಾಯ್ ಹೋಗಿ, ನಮ್ಮಲ್ಲಿ ಅಂಗಣ ಉಂಟು, ಜನ ಉಂಟು, ಎಡಗೈ ಗ್ಲೌಸೂ ಉಂಟು ಎಂದರು. ಏನು ಕಂಡರೋ, ಐದನೆಯ ತಂಡವನ್ನು ಇವರಿಗೇ ಕೊಟ್ಟರು. ಕಾಗದದಲ್ಲಿ ತಂಡ ಅಬು ಹಾಶಿಮ್ ಅವರದು, ಓಡಾಟದಲ್ಲಿ ಇರ್ಷಾದ್ ಭಾಯ್ ಅವರದು.

ಹೊಸ ತಂಡಕ್ಕೆ ಆಟಗಾರರನ್ನು ಕೊಡುವ ಕ್ರಮ ಕೇಳಿ ನನಗೆ ನಗು ತಡೆಯಲಿಲ್ಲ. ಹಳೆಯ ತಂಡಗಳು ತಮಗೆ ಬೇಕಾದವರನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟುಕೊಡುತ್ತವೆ, ಅವರಲ್ಲಿ ಆರಿಸಿಕೊಳ್ಳಬೇಕು. ಕೂಡುಕುಟುಂಬದಲ್ಲಿ ಪಾಲಾದಾಗ ಕಿರಿಯವನ ಪಾಲಿಗೆ ಬರುವ ಪಾತ್ರೆಗಳ ಹಾಗೆ. ಹೆಗಲು ನೋವಿನ ಒಬ್ಬ ಜಪಾನಿನವನು, ಎಲ್ಲರೊಡನೆ ಜಗಳವಾಡಿದ ಕೆರಿಬಿಯನ್ ಕಡೆಯ ಒಬ್ಬ ಡೊಮಿನಿಕನ್, ವಯಸ್ಸಾದ ಇಬ್ಬರು ಅಮೆರಿಕನ್ನರು. ಅವರ ಜೊತೆಗೆ ಇಲ್ಲೇ ನೆಲೆಸಿ ಆಡುವ ಕೆಲವರೂ ಇರಬೇಕೆಂಬ ನಿಯಮವಿತ್ತು. ಹಾಗೆ ಶುಕ್ರವಾರದ ಆಟದಿಂದ ಬಂದವನು, ಇಲ್ಲಿ ಕೆಲಸಕ್ಕೆ ಸೇರಿದ್ದ ಉಳ್ಳಾಲದ ನೌಫಲ್.

ನೌಫಲನನ್ನು ನಾನು ಬಲ್ಲೆ. ನಮ್ಮ ಕಡೆಯ ಅಂಡರ್ ಆರ್ಮ್ ಅಂಗಣಗಳಲ್ಲಿ ಅವನ ಹೊಡೆತಗಳಿಗೆ ನಾನೇ ಎಷ್ಟೋ ಸಲ ಗಂಟಲು ಹರಿದುಕೊಂಡಿದ್ದೆ. ಮರುದಿನ ಅಭ್ಯಾಸದಲ್ಲಿ ಅವನನ್ನು ನೋಡಿದಾಗ ಅಯ್ಯೋ ಅನಿಸಿತು. ಚೆಂಡನ್ನು ಚೆನ್ನಾಗಿ ಹೊಡೆದು, ಹೊಡೆದ ಭಂಗಿಯಲ್ಲೇ ಶಿಲ್ಪದಂತೆ ನಿಂತು ನೋಡುತ್ತಿದ್ದ. ಕ್ರಿಕೆಟಿನಲ್ಲಿ ಓಡುವುದು ಬಿಡುವುದು ನಮ್ಮಿಷ್ಟ. ಇಲ್ಲಿ ದಾಂಡು ಚೆಂಡಿಗೆ ತಾಗಿತೆಂದರೆ ಓಡಲೇಬೇಕು.

"ಯಲ್ಲಾ, ನೌಫಲ್, ರನ್! ಕ್ಯೋಂ ಖಡಾ ಹೈ?" ಎಂದು ಕೋಚ್ ರೊಮೆಲ್ ಮೂರು ಭಾಷೆಯಲ್ಲಿ ಕೂಗುತ್ತಿದ್ದ.

"ಎಂತ ಮಾಡುದು ಸದಣ್ಣ," ಎಂದು ನೌಫಲ್ ಬೆವರು ಒರೆಸುತ್ತಾ ನನ್ನ ಬಳಿ ಬಂದ. "ಒಳ್ಳೆ ಹೊಡೆತ ಹೊಡೆದ್ರೆ ಸ್ವಲ್ಪ ನೋಡುವ ಅಂತ ಆಗ್ತದೆ."

ನನಗೂ ಕಷ್ಟವಿತ್ತು. ಈ ಆಟವನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಬೇಸ್ ಎಂಬ ಆ ಬಿಳಿ ದಿಂಬಿನಂಥದ್ದನ್ನು ಏನೆನ್ನಲಿ? ಆಧಾರ ಎಂದರೆ ಕಾರ್ಡು ನೆನಪಾಗುತ್ತದೆ, ನೆಲೆ ಎಂದರೆ ಸೈನ್ಯ. ಯೋಚಿಸಿ ಯೋಚಿಸಿ, ನಮ್ಮೂರಲ್ಲಿ ದಾರಿಯಲ್ಲಿ ಹೋಗುವವರು ಕುಳಿತು ಸುಧಾರಿಸಿಕೊಳ್ಳುವ ಕಟ್ಟೆ ನೆನಪಾಯಿತು. ಒಂದನೇ ಕಟ್ಟೆ, ಎರಡನೇ ಕಟ್ಟೆ, ಮೂರನೇ ಕಟ್ಟೆ. ದಾಂಡಿಗ ಹೊರಡುವ ಜಾಗವನ್ನು ಅವರೂ ಹೋಮ್ ಎನ್ನುತ್ತಾರೆ, ಅದು ಮನೆ. ಮನೆಯಿಂದ ಹೊರಟು ಮೂರು ಕಟ್ಟೆಯಲ್ಲೂ ಕಾಲಿಟ್ಟು ಮನೆಗೆ ಮರಳಿದರೆ ಒಂದು ಓಟ. ಅಂಗಡಿಯಲ್ಲಿ ಇದನ್ನು ಹೇಳಿದಾಗ ಅಲ್ಲಿದ್ದ ಬಂಟ್ವಾಳದ ಒಬ್ಬರು ಚಹಾ ಕೆಳಗಿಟ್ಟು, "ಹಾಗಾದ್ರೆ ನಾನು ಹನ್ನೊಂದು ವರ್ಷದಿಂದ ಮೂರನೇ ಕಟ್ಟೆಯಲ್ಲೇ ಕೂತಿದ್ದೇನೆ ಮಾರಾಯ್ರೆ," ಎಂದರು. ಎಲ್ಲರೂ ನಕ್ಕರು.

ಇಷ್ಟೆಲ್ಲ ಇದ್ದರೂ ತಂಡದ ಸ್ಥಿತಿ ಚಿಂತಾಜನಕ. ಮೊದಲ ವರ್ಷ ಮುಗಿಯುತ್ತಾ ಬಂದಿತ್ತು, ಕೋರಿ ಟೀಮು ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಒಂದಾದರೂ ಗೆಲ್ಲದಿದ್ದರೆ ತಂಡವನ್ನು ಇಲ್ಲಿಂದ ಎತ್ತಿ ದೊಡ್ಡ ಊರೊಂದಕ್ಕೆ ಕೊಡುತ್ತೇವೆ ಎಂದು ಲೀಗಿನವರು ಹೇಳಿಬಿಟ್ಟಿದ್ದರು. ಉಳಿದದ್ದು ಎರಡೇ ಪಂದ್ಯ.

ತಾಯಿಫ್

ಅವುಗಳಲ್ಲಿ ಒಂದು ತಾಯಿಫಿನಲ್ಲಿ. ಸೌದಿ ಎಂದರೆ ಮರಳು ಎಂದು ತಿಳಿದಿದ್ದ ನನಗೆ ಆ ಊರು ಚೆನ್ನಾಗಿ ಬುದ್ಧಿ ಕಲಿಸಿತು. ಬೆಟ್ಟದ ಮೇಲಿನ ಊರು, ತಂಪು ಗಾಳಿ, ಅಂಗಡಿಗಳ ಮುಂದೆ ದಾಳಿಂಬೆಯ ರಾಶಿ. ಸ್ವೆಟರು ತಂದಿರಲಿಲ್ಲ. ಹೋಟೆಲಿನ ಮುದುಕನೊಬ್ಬ ನನ್ನ ನಡುಕ ಕಂಡು, ಒಳಗೆ ಹೋಗಿ ತನ್ನ ದಪ್ಪ ಉಣ್ಣೆಯ ನಿಲುವಂಗಿಯನ್ನೇ ತಂದು ಹೆಗಲಿಗೆ ಹಾಕಿದ. ನಾನು ಎಲ್ಲಿಯವನು, ಯಾವ ಜಾತಿ, ಯಾವಾಗ ವಾಪಸು ಕೊಡುತ್ತೇನೆ, ಒಂದನ್ನೂ ಕೇಳಲಿಲ್ಲ. ನಮ್ಮಲ್ಲಿ ಕೊಡೆ ಕೊಡುವಾಗಲೂ ಮೂರು ಸಲ ನೆನಪಿಸಿ ಕೊಡುವ ಅಭ್ಯಾಸ ನೆನಪಾಗಿ ನನಗೇ ನಾಚಿಕೆಯಾಯಿತು.

ಪಂದ್ಯದ ಬೆಳಿಗ್ಗೆ ಹುಡುಗರು ಬೆಟ್ಟದ ಅಂಚಿನ ರಸ್ತೆಯಲ್ಲಿ ಕೈಕಾಲು ಸಡಿಲಿಸಲು ಹೋದರು, ನಾನೂ ಜೊತೆಗೆ ಹೋದೆ. ಅಲ್ಲಿ ಬೂದಿ ಬಣ್ಣದ, ನಾಯಿಮೂತಿಯ ದೊಡ್ಡ ಕೋತಿಗಳ ದಂಡೇ ಇದೆ. ಗಂಡು ಕೋತಿಯ ಹೆಗಲ ಮೇಲಿನ ಕೂದಲು ನೋಡಿದರೆ ಯಕ್ಷಗಾನದ ವೇಷ ಹಾಕಿ ರಂಗಕ್ಕೆ ಹೊರಟಂತೆ ಕಾಣುತ್ತದೆ. ನೌಫಲ್ ಗ್ಲೌಸು ಕಲ್ಲಿನ ಮೇಲಿಟ್ಟು ನೀರು ಕುಡಿಯುತ್ತಿದ್ದ. ಒಂದು ಕೋತಿ ಗಂಭೀರವಾಗಿ ನಡೆದು ಬಂದು ಗ್ಲೌಸನ್ನು ಎತ್ತಿಕೊಂಡು, ಒಳಗೆ ಕೈ ಹಾಕಿ ನೋಡಿತು. ಅದೂ ಎಡಗೈ!

"ಅಣ್ಣಾ, ನೋಡಿ! ಅದಕ್ಕೆ ಸಹ ಗೊತ್ತುಂಟು," ಎಂದ ನೌಫಲ್.

ಬಾಳೆಹಣ್ಣು ಎಸೆದರೆ ನಮ್ಮ ಕಡೆಯ ಮಂಗಗಳು ಕೈಯಲ್ಲಿದ್ದದ್ದನ್ನು ಬಿಡುತ್ತವೆ. ಈ ಮಹಾಶಯ ನಾವು ಎಸೆದ ಹಣ್ಣನ್ನು ತಿಂದು, ಗ್ಲೌಸನ್ನೂ ಹಿಡಿದುಕೊಂಡು ಬಂಡೆ ಇಳಿದು ಹೋದ. ಆ ದಿನ ನೌಫಲ್ ಎರವಲು ಗ್ಲೌಸಿನಲ್ಲಿ ಆಡಿದ, ತಂಡ ಸೋತಿತು. ಎತ್ತರದ ಊರಿನ ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದಂತೆ. ಹಾರಿದ್ದೆಲ್ಲ ಎದುರಾಳಿಗಳ ಹೊಡೆತ.

ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಇರ್ಷಾದ್ ಭಾಯ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಪಕ್ಕದಲ್ಲಿ ಕುಳಿತು, "ಹೋದ್ರೆ ಹೋಗ್ಲಿ ಭಾಯ್, ಅಂಗಡಿ ಉಂಟಲ್ಲ ನಿಮಗೆ," ಎಂದೆ. ಸಮಾಧಾನದ ಮಾತು ನನಗೆ ಮೈಕಿಲ್ಲದೆ ಬರುವುದಿಲ್ಲ.

ಅವರು ಟೋಪಿಯ ಹಕ್ಕಿಯನ್ನು ಬೆರಳಿನಿಂದ ಒರೆಸಿದರು. "ಮೀಸೆ ಬರುವ ಮೊದಲು ಬಂದದ್ದು ಅಣ್ಣ ನಾನು ಇಲ್ಲಿಗೆ. ಮಕ್ಕಳು ಇಲ್ಲೇ ಹುಟ್ಟಿದ್ದು. ಆದ್ರೂ ಇಕಾಮಾ, ಇಲ್ಲಿ ಇರ್ಲಿಕ್ಕೆ ಕೊಡುವ ಪರ್ಮಿಟ್, ಮುಗಿದ್ರೆ ಮತ್ತೆ ಮಾಡ್ಸುದು, ಮುಗಿದ್ರೆ ಮತ್ತೆ ಮಾಡ್ಸುದು. ಒಂದು ದಿನ ಎಲ್ಲ ಖಲಾಸ್, ಬ್ಯಾಗ್ ಕಟ್ಟಿ ಹೋಗುದೇ. ಅದಕ್ಕೆ ನಂಗೆ ಬೇಜಾರಿಲ್ಲ, ಈ ಊರು ನಂಗೆ ಅನ್ನ ಕೊಟ್ಟಿದೆ. ಆದ್ರೆ ಈ ಟೀಮ್ ಇಲ್ಲಿ ಉಳಿದ್ರೆ, ನಾನು ಹೋದ ಮೇಲೆ ಸಹ ಇರ್ತದೆ ಅಲ್ವಾ? ಯಾರಾದ್ರೂ ಹೇಳ್ತಾರೆ, ಇದನ್ನು ಶುರು ಮಾಡಿದ್ದು ಒಬ್ಬ ಭಟ್ಕಳದವ ಅಂತ."

ಕಲ್ಲುಸಕ್ಕರೆಯ ಪೊಟ್ಟಣವನ್ನು ಅವರ ಮುಂದೆ ಹಿಡಿದೆ. ಒಂದು ಹರಳು ತೆಗೆದುಕೊಂಡರು.

ಖತೀಫ್

ಕೊನೆಯ ಪಂದ್ಯ ಸ್ವಂತ ಅಂಗಣದಲ್ಲಿ. ಖತೀಫಿನ ಆ ಬಯಲನ್ನು ನೋಡಿ ನನಗೆ ಪ್ರೀತಿಯೇ ಹುಟ್ಟಿತು. ಮೂರು ಕಡೆ ಖರ್ಜೂರದ ಮರಗಳು, ನಡುವೆ ಕಣ್ಣಿಗೆ ತಂಪಾಗುವ ಹಸಿರು ಹುಲ್ಲು. ದೂರಕ್ಕೆ ಹೊಡೆದ ಚೆಂಡು ತೋಟದೊಳಗೆ ಬಿದ್ದರೆ ಅಲ್ಲಿ ಕೆಲಸ ಮಾಡುವವರು ಹುಡುಕಿ ಬೇಲಿಯ ಮೇಲಿಂದ ಎಸೆಯುತ್ತಾರೆ, ಜೊತೆಗೆ ಒಂದೊಂದು ಸಲ ಖರ್ಜೂರದ ಗೊನೆಯೂ ಬರುತ್ತದೆ.

ಜನ ಜಾತ್ರೆಯ ಹಾಗೆ ಸೇರಿದ್ದರು. ಒಂದು ಕಡೆಯ ಮೆಟ್ಟಿಲುಗಳಲ್ಲಿ ನಮ್ಮವರು, ಇನ್ನೊಂದು ಕಡೆ ಊರಿನ ಸಂಸಾರಗಳು ಚಾಪೆ ಹಾಸಿ, ಫ್ಲಾಸ್ಕು ಬುಟ್ಟಿ ಇಟ್ಟುಕೊಂಡು ಕುಳಿತಿದ್ದವು. ಅಬು ಹಾಶಿಮ್ ಅವರು ನನ್ನ ಮೈಕಿನ ಮೇಜಿನ ಬಳಿಯೇ ಕುರ್ಚಿ ಹಾಕಿಸಿಕೊಂಡರು. ಎತ್ತರದ ಆಳು, ಕೆಲಸಗಾರರಿಂದ ಕಲಿತ ನಾಲ್ಕು ಮಾತು ಹಿಂದಿ, ಅದನ್ನು ಹೇಳುವಾಗ ದೊಡ್ಡ ನಗು. ಪುಟ್ಟ ಬಟ್ಟಲಿನಲ್ಲಿ ಏಲಕ್ಕಿಯ ಘಮಘಮದ ಗಹ್ವಾ ಕಾಫಿ ಬಗ್ಗಿಸಿ ಕೊಟ್ಟರು. ಕುಡಿದೆ, ಮತ್ತೆ ಬಗ್ಗಿಸಿದರು. ಸಾಕು ಎನ್ನಲು ನಮ್ಮೂರ ಊಟದ ಪಂಕ್ತಿಯಲ್ಲಿ ಮಾಡುವಂತೆ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದೆ. ಕೈಗೆ ಚಳಿಯಾಗುತ್ತಿದೆ ಎಂದು ತಿಳಿದು ಇನ್ನಷ್ಟು ಬಿಸಿ ಕಾಫಿ ತರಿಸಿದರು. ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿದರೆ ಮಾತ್ರ ಸಾಕೆಂದು ಅರ್ಥವೆಂಬುದು ಯಾರೋ ಹೇಳುವಷ್ಟರಲ್ಲಿ ನನ್ನ ಎದೆ ಡೋಲಿನಂತೆ ಬಡಿಯುತ್ತಿತ್ತು.

ಆಟ ಮೊದಲಾಯಿತು. ಇಂಗ್ಲಿಷ್, ಅರಬಿ ವಿವರಣೆಗಳ ನಡುವೆ ನನ್ನ ಸರದಿ ಬರುತ್ತಿತ್ತು. "ಇದೀಗ ಒಂದನೇ ಕಟ್ಟೆಯನ್ನು ಬಿಟ್ಟು ಎರಡನೇ ಕಟ್ಟೆಯತ್ತ ಧಾವಿಸಿ ಬಂದಿರುವಂತಹ ನಮ್ಮ ಜಪಾನಿನ ಅಣ್ಣ..." ಎಂದಾಗ ಮೆಟ್ಟಿಲುಗಳೆಲ್ಲ ಕುಣಿದವು. ಯಾರಾದರೂ ಮೂರನೇ ಕಟ್ಟೆ ಮುಟ್ಟಿದರೆ ಸಾಕು, "ಮನೆಗೆ ಬಾ ಮಾರಾಯಾ, ಮನೆಗೆ ಬಾ!" ಎಂಬ ಕೂಗು. ಅಷ್ಟು ದಿನ ಅರ್ಧಕ್ಕೆ ಎದ್ದು ಹೋಗುತ್ತಿದ್ದವರು ಆ ಸಂಜೆ ಕದಲಲಿಲ್ಲ. ಇರ್ಷಾದ್ ಭಾಯ್ ಮಾತ್ರ ಕುಳಿತಲ್ಲಿ ಕೂರಲಾರದೆ ಬೇಲಿಯುದ್ದಕ್ಕೂ ನಡೆಯುತ್ತಿದ್ದರು. ಲೀಗಿನ ಕಡೆಯಿಂದ ಬಂದ ಅಮೆರಿಕನ್ ಸಾಹೇಬರು ಕೈಕಟ್ಟಿಕೊಂಡು, ಮುಖದಲ್ಲಿ ಏನನ್ನೂ ತೋರಿಸದೆ ನಮ್ಮ ಹಿಂದೆ ನಿಂತಿದ್ದರು.

ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಆಟ ನಿಂತಿತು. ಎರಡೂ ತಂಡದ ಮುಸ್ಲಿಮ್ ಆಟಗಾರರು, ನೋಡಲು ಬಂದವರು, ಒಬ್ಬ ಅಂಪೈರ್ ಸಹ, ಹುಲ್ಲಿನ ಮೇಲೆ ಸಾಲಾಗಿ ನಿಂತರು. ಆವರೆಗೆ ಒಬ್ಬರನ್ನೊಬ್ಬರು ಕಣ್ಣು ಕೆಕ್ಕರಿಸಿ ನೋಡುತ್ತಿದ್ದವರು ಹೆಗಲಿಗೆ ಹೆಗಲು ತಾಗಿಸಿ ಬಾಗಿದರು. ರೊಮೆಲ್, ನಾನು, ಆ ಡೊಮಿನಿಕನ್ ಬೇಲಿಯ ಪಕ್ಕ ಸುಮ್ಮನೆ ಕುಳಿತೆವು. ಗಲಾಟೆಯ ನಡುವೆ ಹಾಗೆ ಒಮ್ಮೆಲೇ ಮೌನ ಇಳಿಯುವುದನ್ನು ನಾನು ನಮ್ಮ ಯಾವ ಟೂರ್ನಮೆಂಟಿನಲ್ಲೂ ಕಂಡಿಲ್ಲ, ಮನಸ್ಸಿಗೆ ಬಹಳ ಹಿತವಾಯಿತು.

ಖತೀಫ್, ದೀಪ ಹಚ್ಚಿದ ಮೇಲೆ

ಕೊನೆಯ ಸರದಿಗೆ ಬಂದಾಗ ಎರಡೂ ಕಡೆ ಓಟ ಸಮ. ಕೋರಿ ಟೀಮಿನ ಕೈಯಲ್ಲಿ ದಾಂಡು. ಇಬ್ಬರು ಔಟಾಗಿದ್ದಾರೆ, ಮೂರನೆಯವನು ಔಟಾದರೆ ಸರದಿ ಮುಗಿಯಿತು. ನಮ್ಮ ಎಸೆತಗಾರರು ಸುಸ್ತಾಗಿ ಒಬ್ಬೊಬ್ಬರೇ ಹೊರಗೆ ಕುಳಿತಿದ್ದರು, ಆಟ ಮುಂದೆ ಎಳೆದರೆ ಸೋಲು ಖಚಿತವೆಂದು ರೊಮೆಲ್ ಮೊದಲೇ ಹೇಳಿದ್ದ. ಜಗಳಗಂಟ ಡೊಮಿನಿಕನ್ ಮೂರನೇ ಕಟ್ಟೆಯಲ್ಲಿದ್ದಾನೆ. ಅವನು ಮನೆ ಮುಟ್ಟಿದರೆ ಗೆಲುವು. ದಾಂಡು ಹಿಡಿದು ಬಂದವನು ನೌಫಲ್.

ಒಂದನೇ ಚೆಂಡಿಗೆ ಬೀಸಿದ, ತಪ್ಪಿತು. ಎರಡನೆಯದಕ್ಕೆ ಬೀಸಿದ, ಅದೂ ತಪ್ಪಿತು. ಮೂರು ಸಲ ತಪ್ಪಿದರೆ ಔಟ್. ನನ್ನ ಬಾಯಿಯಿಂದ ಆಗಿರುವಂತಹ, ಬಂದಿರುವಂತಹಗಳೆಲ್ಲ ಉದುರಿ ಹೋಗಿ "ನೌಫಲ್, ನೌಫಲ್" ಎಂಬುದೊಂದೇ ಹೊರಡುತ್ತಿತ್ತು. ಮೂರನೇ ಚೆಂಡು ಬಂತು. ಎದೆಮಟ್ಟಕ್ಕೆ ಬರುವಂತೆ ಕಂಡದ್ದು ಕೊನೆಯಲ್ಲಿ ಸರ್ರನೆ ಕೆಳಗಿಳಿಯಿತು. ನೌಫಲ್ ಪೂರ್ತಿ ಬಲ ಹಾಕಿ ಗಾಳಿಯನ್ನು ಹೊಡೆದ.

"ಔಟ್. ಸರದಿ ಮುಗಿಯಿತು," ಎಂದು ಹೇಳಿ ಮೈಕು ಕೆಳಗಿಟ್ಟೆ. ಇರ್ಷಾದ್ ಭಾಯ್ ಬೇಲಿಗೆ ಹಣೆ ಒತ್ತಿ ನಿಂತದ್ದು ಕಂಡಿತು.

ಆದರೆ ನೌಫಲ್ ಓಡುತ್ತಿದ್ದ!

ಆ ಚೆಂಡು ನೆಲಕ್ಕೆ ಬಡಿದು ಪುಟಿದು, ಹಿಂದಿದ್ದ ಕ್ಯಾಚರಿನ ಕಾಲ ಸಂದಿಯಿಂದ ನುಸುಳಿ ಬೇಲಿಯ ಕಡೆ ಉರುಳಿತ್ತು. ಕೀಪರ್ ಬಿಟ್ಟರೆ ನಮ್ಮವರು ಏನು ಮಾಡುತ್ತಾರೆ? ಬೈ ಓಡುತ್ತಾರೆ. ನೌಫಲನ ತಲೆಯಲ್ಲಿ ಬೇಸ್‌ಬಾಲ್ ಇರಲಿಲ್ಲ, ಉಳ್ಳಾಲದ ಅಂಗಣ ಇತ್ತು. ಆ ಆಟದಲ್ಲೂ ಅಂಥದೊಂದು ನಿಯಮ ಇದೆಯೆಂಬುದು, ಮೂರನೇ ಚೆಂಡನ್ನು ಕ್ಯಾಚರ್ ಹಿಡಿಯದೆ ಬಿಟ್ಟರೆ ಇಂಥ ಹೊತ್ತಿನಲ್ಲಿ ದಾಂಡಿಗ ಒಂದನೇ ಕಟ್ಟೆಗೆ ಓಡಬಹುದೆಂಬುದು, ನನಗೆ ಗೊತ್ತಾದದ್ದು ಆಮೇಲೆ. ರೊಮೆಲ್ ಹುಚ್ಚನಂತೆ ಎರಡೂ ಕೈ ಬೀಸುತ್ತಾ "ಯಲ್ಲಾ! ಯಲ್ಲಾ!" ಎಂದು ಕಿರುಚುತ್ತಿದ್ದ. ಮೂರನೇ ಕಟ್ಟೆಯ ಡೊಮಿನಿಕನ್ ಆಗಲೇ ಮನೆಗೆ ನುಗ್ಗಿದ್ದ. ನೌಫಲ್ ಒಂದನೇ ಕಟ್ಟೆ ಮುಟ್ಟಿದರೆ ಮಾತ್ರ ಅವನ ಓಟ ಲೆಕ್ಕಕ್ಕೆ.

ಬೈ ಓಡುವವನು ದಾಂಡನ್ನು ಬಿಸಾಡುತ್ತಾನೆಯೇ? ನೌಫಲ್ ದಾಂಡು ಹಿಡಿದೇ ಓಡಿದ. ಕಟ್ಟೆ ಹತ್ತಿರ ಬಂದಾಗ ನಮ್ಮವರೆಲ್ಲ ಮಾಡುವುದನ್ನೇ ಮಾಡಿದ. ಬಾಗಿ, ಕೈ ನೀಡಿ, ದಾಂಡಿನ ತುದಿಯನ್ನು ಬಿಳಿ ದಿಂಬಿಗೆ ಒತ್ತಿ, ಗಕ್ಕನೆ ನಿಂತುಬಿಟ್ಟ. ಕ್ರೀಸ್ ಮುಟ್ಟಿದ ತೃಪ್ತಿ ಅವನ ಮುಖದಲ್ಲಿ.

ಇಲ್ಲಿ ದಾಂಡು ಮುಟ್ಟಿದರೆ ಉಪಯೋಗವಿಲ್ಲ. ಮೈ ಮುಟ್ಟಬೇಕು. ಅದಷ್ಟು ನನಗೆ ಗೊತ್ತಿತ್ತು.

"ಕಾಲು! ಕಾಲಿಡು ಮಾರಾಯಾ!" ಎಂದು ಮೇಜು ಹತ್ತಿ ಅರಚಿದೆ. ಮೆಟ್ಟಿಲುಗಳು ಎದ್ದು ನಿಂತವು. ಕನ್ನಡದವರು ಕಾಲು, ತುಳುವರು "ಕಾರ್ ದೀಲ," ಬ್ಯಾರಿಗಳು ಕಾಲ್, ಉರ್ದುವಿನವರು ಪಾಂವ್. ಅಬು ಹಾಶಿಮ್ ಅವರಿಗೆ ಏನೊಂದೂ ತಿಳಿಯದಿದ್ದರೂ ನಮ್ಮೊಡನೆ "ಕಾಲು, ಕಾಲು" ಎಂದು ಗರ್ಜಿಸುತ್ತಿದ್ದರು. ಅಷ್ಟರಲ್ಲಿ ಕ್ಯಾಚರ್ ಚೆಂಡು ಹೆಕ್ಕಿ ಒಂದನೇ ಕಟ್ಟೆಗೆ ಎಸೆದ. ಗಡಿಬಿಡಿಯಲ್ಲಿ ಎತ್ತರ ಹೋಯಿತು, ಅಲ್ಲಿ ಕಾವಲಿದ್ದ ಎದುರಾಳಿ ಹಾರಿ ಹಿಡಿದ. ಚೆಂಡು ಹಿಡಿದವನು ಮೊದಲು ದಿಂಬು ತುಳಿದರೆ ನೌಫಲ್ ಔಟ್. ಅವನ ಕಾಲು ಇಳಿದು ದಿಂಬಿಗೆ ತಾಗುವ ಮೊದಲು ನೌಫಲನ ಎಡಗಾಲು ಅದರ ಮೇಲಿತ್ತು.

ಅಂಪೈರ್ ಎರಡೂ ಕೈಗಳನ್ನು ಅಗಲಕ್ಕೆ ಚಾಚಿದ.

"ವೈಡಾ?" ಎಂದು ಹಿಂದಿನಿಂದ ಯಾರೋ ಕೇಳಿದರು. "ವೈಡ್ ಯಾಕೆ ಕೊಟ್ರು?" ನನಗೂ ಅರೆಗಳಿಗೆ ಹಾಗೇ ಅನಿಸಿದ್ದು ಸುಳ್ಳಲ್ಲ. ಬೇಸ್‌ಬಾಲಿನಲ್ಲಿ ಆ ಸನ್ನೆಗೆ ಬಚಾವು ಎಂದರ್ಥ. ರೊಮೆಲ್ ಹಾರಿ ನೌಫಲನ ಹೆಗಲೇರಿದಾಗ ಎಲ್ಲರಿಗೂ ಹೊಳೆಯಿತು. ಆಮೇಲೆ ಎದ್ದ ಬೊಬ್ಬೆಗೆ ಖರ್ಜೂರದ ಮರಗಳಲ್ಲಿದ್ದ ಪಾರಿವಾಳಗಳು ಹಿಂಡುಹಿಂಡಾಗಿ ಹಾರಿದವು. ತಂಡದ ಚರಿತ್ರೆಯ ಮೊದಲ ಗೆಲುವು ಬಂದದ್ದು ಯಾರೂ ಹೊಡೆಯದ ಒಂದು ಚೆಂಡಿನಿಂದ.

"ಕೋಚ್ ಆ ರೂಲ್ ಹೇಳಿದ್ರಂತೆ ಸದಣ್ಣ, ನಂಗೆ ನೆನಪೇ ಇಲ್ಲ," ಎಂದ ನೌಫಲ್, ಏದುಸಿರು ಬಿಡುತ್ತಾ. "ಕೀಪರ್ ಬಿಟ್ಟ, ಓಡಿದೆ."

ಅಮೆರಿಕನ್ ಸಾಹೇಬರು ಕೈ ಬಿಡಿಸಿ ಮುಂದೆ ಬಂದರು. ಅಬು ಹಾಶಿಮ್ ಅವರ ಕೈ ಕುಲುಕಿದರು, ಇರ್ಷಾದ್ ಭಾಯ್ ಅವರ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ತಂಡ ಇಲ್ಲಿಂದ ಕದಲುವುದಿಲ್ಲ ಎಂದರು. ನೆರೆದವರಿಗೆ ನೀವೇ ತಿಳಿಸಿ ಎಂದೂ ಹೇಳಿದರು. ಇರ್ಷಾದ್ ಭಾಯ್ ನನ್ನ ಕಡೆ ನೋಡಿದರು, ನಾನು ಹೇಳಲಿ ಎಂದು. ಮೈಕು ಎತ್ತಿಕೊಂಡೆ. ಮೂವತ್ತು ವರ್ಷ ಒಂದು ಕ್ಷಣವೂ ಕೈಕೊಡದ ಗಂಟಲು ಕಟ್ಟಿಹೋಯಿತು. ಅಳು ಬಂದಿತ್ತು, ಅಷ್ಟೇ. ಮೈಕನ್ನು ಅವರ ಕೈಗೆ ಕೊಟ್ಟೆ.

ಅವರಿಗೆ ಮೈಕು ಹಿಡಿದು ಅಭ್ಯಾಸವಿಲ್ಲ, ಬಾಯಿಗೆ ತೀರಾ ಹತ್ತಿರ ಹಿಡಿದರು. ಅರಬಿ, ಉರ್ದು, ಮನೆಮಾತು ನವಾಯತಿ ಎಲ್ಲ ಬಲ್ಲ ಮನುಷ್ಯ, ಆ ಹೊತ್ತಿಗೆ ಮೆಟ್ಟಿಲುಗಳಲ್ಲಿ ನಿಂತಿದ್ದ ನಮ್ಮವರನ್ನು ನೋಡಿ ಕನ್ನಡದಲ್ಲೇ ಹೇಳಿದರು.

"ನಾವು ಎಲ್ಲಿಗೂ ಹೋಗುದಿಲ್ಲ. ನಾವು ಇಲ್ಲೇ ಇರುದು."

ವರ್ಷ ವರ್ಷವೂ ಹೋಗುವ ದಿನದ ಲೆಕ್ಕ ಹಾಕುತ್ತಾ ಬದುಕುವ ಆ ಜನರಲ್ಲಿ ಮೊದಲು ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಬಂಟ್ವಾಳದವರು ಕಣ್ಣೊರೆಸುವುದನ್ನು ಕಂಡೆ.

"ಅವರು ಏನೆಂದರು?" ಎಂದು ಅಮೆರಿಕನ್ ಸಾಹೇಬರು ನನ್ನ ಕಿವಿಯ ಬಳಿ ಬಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಗಂಟಲಿನಿಂದ ಇನ್ನೂ ದನಿ ಹೊರಡುತ್ತಿರಲಿಲ್ಲ. ಬಗ್ಗಿ, ಕಾಲ ಕೆಳಗಿನ ನೆಲವನ್ನು ಎರಡು ಸಲ ತಟ್ಟಿ ತೋರಿಸಿದೆ.